ಕಡಲ ನಡುವಿನ ತುರ್ತಿನಲ್ಲಿ ಕೊನೆಯ ಮಾತು ಯಾರದು?

ಕಾಪುವಿನ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ, ನಮಸ್ಕಾರ.

ಕಡಲ ತೈಲ ಕ್ಷೇತ್ರಗಳ ಸುರಕ್ಷತೆಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿತು. ತಮ್ಮ ಮಗ ಮುಂಬೈಯಾಚೆಯ ಕಡಲ ತೈಲ ಕ್ಷೇತ್ರವಾದ ಮುಂಬೈ ಹೈಯಲ್ಲಿ, ತೈಲ ತೆಗೆಯಲು ಸಮುದ್ರದಲ್ಲಿ ಕಟ್ಟಿದ ಪ್ಲಾಟ್‌ಫಾರ್ಮೊಂದರಲ್ಲಿ ದುಡಿಯುತ್ತಿರುವುದರಿಂದ ಆ ಲೇಖನದ ಒಂದು ಮಾತು ತಮ್ಮನ್ನು ಕಾಡಿದೆ. ಅವಘಡದ ಹೊತ್ತಿನಲ್ಲಿ ಪ್ಲಾಟ್‌ಫಾರ್ಮಿನ ಮ್ಯಾನೇಜರನ ನಿರ್ಧಾರವೇ ಅಂತಿಮ ಎಂದು ಅದರಲ್ಲಿತ್ತು. "ಮುಂಬೈಯಲ್ಲಿ ಅಷ್ಟೆಲ್ಲ ಹಿರಿಯ ಅಧಿಕಾರಿಗಳಿರುವಾಗ ಇನ್ನೂರು ಮುನ್ನೂರು ಜನರ ಜೀವವನ್ನು ಒಬ್ಬನ ಕೈಗೆ ಕೊಡುವುದು ಸರಿಯೇ? ಸಾಕಷ್ಟು ಹೆಲಿಕಾಪ್ಟರು, ಬೋಟು ಇಟ್ಟರೆ ಸಾಲದೇ? ಏನಾದರೂ ಆದರೆ ನಮಗೆ ಹೇಳುವವರು ಯಾರು?" ಎಂದು ಕೇಳಿದ್ದೀರಿ. ಈ ಮೂರೂ ಪ್ರಶ್ನೆಗಳು ಆ ಲೇಖನದಲ್ಲೇ ಬರಬೇಕಾಗಿದ್ದವು. ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಮುಂಬೈ ಹೈಯಲ್ಲಿಯೂ ಕೊಲ್ಲಿ ದೇಶಗಳ ರಿಗ್ಗುಗಳಲ್ಲಿಯೂ ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಮೊದಲ ಪ್ರಶ್ನೆಗೆ ಉತ್ತರ 1988ರ ಜುಲೈ 6ರ ರಾತ್ರಿಯಲ್ಲಿದೆ. ಸ್ಕಾಟ್ಲೆಂಡಿನ ಈಶಾನ್ಯಕ್ಕೆ, ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮಿನಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ದುರಸ್ತಿಗೆಂದು ಬಿಚ್ಚಿ, ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳ ಕೂರಿಸಿದ್ದರು. ಪಾಳಿ ಬದಲಾಗುವಾಗ ಈ ಸಂಗತಿ ರಾತ್ರಿಯವರಿಗೆ ದಾಟಲಿಲ್ಲ. ಇನ್ನೊಂದು ಪಂಪು ಕೈಕೊಟ್ಟಾಗ ಅವರು ಇದನ್ನೇ ಚಾಲೂ ಮಾಡಿದರು. ಹತ್ತು ಗಂಟೆಯ ಹೊತ್ತಿಗೆ ಅನಿಲ ಸೋರಿ ಸ್ಫೋಟವಾಯಿತು. ಮೊದಲ ಹೊಡೆತಕ್ಕೇ ಕಂಟ್ರೋಲ್ ರೂಮು ನಿರುಪಯೋಗಿಯಾಯಿತು. ಡೈವರ್‌ಗಳು ನೀರಿನಲ್ಲಿ ಕೆಲಸ ಮಾಡುವಾಗ ಅವರನ್ನು ಸೆಳೆದುಕೊಳ್ಳದಿರಲೆಂದು ಬೆಂಕಿ ನಂದಿಸುವ ಪಂಪುಗಳನ್ನು ತಾನಾಗಿ ಚಾಲೂ ಆಗದಂತೆ ಇಟ್ಟಿದ್ದರು. ಸ್ಫೋಟದ ನಂತರ ಅವುಗಳ ಬಳಿಗೆ ಹೋಗಲು ಯಾರಿಂದಲೂ ಆಗಲಿಲ್ಲ. ಕಾರ್ಮಿಕರು ತಾವು ತರಬೇತಿಯಲ್ಲಿ ಕಲಿತಂತೆ ವಸತಿ ವಿಭಾಗದಲ್ಲಿ ಸೇರಿ ಹೆಲಿಕಾಪ್ಟರಿಗಾಗಿ ಕಾದರು. ಹೊಗೆ ಕವಿದಿದ್ದ ಹೆಲಿಡೆಕ್ಕಿನ ಮೇಲೆ ಹೆಲಿಕಾಪ್ಟರು ಇಳಿಯುವಂತಿರಲಿಲ್ಲ. ಪ್ಲಾಟ್‌ಫಾರ್ಮನ್ನು ಬಿಟ್ಟು ಹೊರಡಿ ಎಂಬ ಆಜ್ಞೆ ಕೊನೆಯವರೆಗೂ ಬರಲಿಲ್ಲ. ಅಲ್ಲಿದ್ದ 226 ಮಂದಿಯಲ್ಲಿ 61 ಜನ ಬದುಕಿದರು. ಅವರಲ್ಲಿ ಹೆಚ್ಚಿನವರು ಆಜ್ಞೆಗೆ ಕಾಯದೆ ಹಗ್ಗ ಹಿಡಿದು ಇಳಿದವರು ಅಥವಾ ಸಮುದ್ರಕ್ಕೆ ಹಾರಿದವರು. ರಕ್ಷಣೆಗೆ ಹೋದ ದೋಣಿಯ ಇಬ್ಬರೂ ಸೇರಿ ಒಟ್ಟು 167 ಜನ ಸತ್ತರು.

ಆ ರಾತ್ರಿಯ ಘಟನೆಗಳಲ್ಲಿ ನನ್ನನ್ನು ಅತಿ ಹೆಚ್ಚು ಕಲಕುವುದು ನೆರೆಯ ಪ್ಲಾಟ್‌ಫಾರ್ಮುಗಳಲ್ಲಿ ನಡೆದದ್ದು. ಟಾರ್ಟನ್ ಮತ್ತು ಕ್ಲೇಮೋರ್ ಎಂಬ ಆ ಎರಡೂ ಕಡೆಗಳಿಂದ ಪೈಪರ್‌ಗೆ ಕೊಳವೆ ಸಂಪರ್ಕವಿತ್ತು. ದೂರದಲ್ಲಿ ಬೆಂಕಿ ಎದ್ದಿರುವುದು ಅಲ್ಲಿಯವರಿಗೆ ಗೊತ್ತಾಗಿತ್ತು. ಆದರೂ ಉತ್ಪಾದನೆಯನ್ನು ಕೂಡಲೇ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆಗುವ ನಷ್ಟ ದೊಡ್ಡದು, ದಡದ ಕಚೇರಿಯಿಂದ ಮಾತು ಬರಲಿ ಎಂಬ ಹಿಂಜರಿಕೆಯಲ್ಲಿ ಅಮೂಲ್ಯವಾದ ಹೊತ್ತು ಕಳೆದುಹೋಯಿತು. ಸುಮಾರು 20 ನಿಮಿಷಗಳ ಬಳಿಕ ಟಾರ್ಟನ್‌ನಿಂದ ಬರುತ್ತಿದ್ದ ದೊಡ್ಡ ಅನಿಲ ಕೊಳವೆ ಬೆಂಕಿಯ ಶಾಖಕ್ಕೆ ಒಡೆಯಿತು; ಅಲ್ಲಿಂದಾಚೆಗೆ ಪೈಪರ್ ಅನ್ನು ಉಳಿಸುವುದು ಯಾರ ಕೈಯಲ್ಲೂ ಇರಲಿಲ್ಲ. ಮೇಲಿನವರನ್ನು ಕೇಳಿಯೇ ಮಾಡಬೇಕು ಎಂಬ ಅಭ್ಯಾಸ ತುರ್ತಿನಲ್ಲಿ ಎಷ್ಟು ದುಬಾರಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಾಗಿಲ್ಲ.

ಈ ದುರಂತದ ಬಗ್ಗೆ ಸ್ಕಾಟ್ಲೆಂಡಿನ ನ್ಯಾಯಾಧೀಶ ಲಾರ್ಡ್ ಕಲ್ಲನ್ ಅವರ ವಿಚಾರಣಾ ವರದಿ 1990ರಲ್ಲಿ 106 ಶಿಫಾರಸುಗಳೊಂದಿಗೆ ಹೊರಬಂತು. ಪ್ರತಿ ಪ್ಲಾಟ್‌ಫಾರ್ಮಿನ ಒಡೆಯರು ಅಲ್ಲಿ ಏನೇನು ಅನಾಹುತ ಸಂಭವಿಸಬಹುದು, ಆಗ ಜನರನ್ನು ಎಲ್ಲಿ, ಎಷ್ಟು ಹೊತ್ತು ಸುರಕ್ಷಿತವಾಗಿ ಇಡಬಲ್ಲೆವು, ಹೇಗೆ ಹೊರಗೆ ಸಾಗಿಸಬಲ್ಲೆವು ಎಂಬುದನ್ನು ಮೊದಲೇ ಬರೆದು ಸರ್ಕಾರಿ ನಿಯಂತ್ರಕರ ಮುಂದೆ ಸಮರ್ಥಿಸಿಕೊಳ್ಳಬೇಕೆಂಬ ವ್ಯವಸ್ಥೆ ಬ್ರಿಟನ್ನಿನಲ್ಲಿ ಬಂದದ್ದು ಆ ವರದಿಯಿಂದ. ಮ್ಯಾನೇಜರನ ಆಯ್ಕೆಯಲ್ಲೂ, ತುರ್ತಿನ ಒತ್ತಡದಲ್ಲಿ ಆತ ಹೇಗೆ ಆಜ್ಞೆ ನೀಡುತ್ತಾನೆ ಎಂಬುದನ್ನು ಅಣಕು ಅಭ್ಯಾಸಗಳಲ್ಲಿ ಪರೀಕ್ಷಿಸುವುದು ಮುಖ್ಯವಾಯಿತು. ಒಬ್ಬನ ಕೈಗೆ ಅಧಿಕಾರ ಕೊಡುವುದಾದರೆ ಆ ಒಬ್ಬನನ್ನು ಹೀಗೆ ಒರೆಗೆ ಹಚ್ಚಿಯೇ ಕೊಡಬೇಕು ಎಂಬ ತಮ್ಮ ಕಳವಳ ನ್ಯಾಯವಾದದ್ದು.

ಅಧಿಕಾರ ಇಬ್ಬರಿಗೆ ಹಂಚಿಹೋದರೆ ಆಗುವ ಗೊಂದಲವನ್ನು 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೋರಿಸಿತು. ತೇಲುವ ರಿಗ್ಗಾಗಿದ್ದ ಅದರಲ್ಲಿ ಬಾವಿಗೆ ಜೋಡಿಸಿಕೊಂಡು ಕೊರೆಯುವಾಗ ಒಬ್ಬರ ಆಜ್ಞೆ, ಹಡಗಿನಂತೆ ಸಾಗುವಾಗ ಕ್ಯಾಪ್ಟನನ ಆಜ್ಞೆ. ಬಾವಿ ಸಿಡಿದ ಆ ಗಳಿಗೆಯಲ್ಲಿ ಯಾರು ಮುಖ್ಯಸ್ಥರು ಎಂಬುದೇ ಸ್ಪಷ್ಟವಿರಲಿಲ್ಲವೆಂದೂ, ರಿಗ್ಗನ್ನು ಬಾವಿಯಿಂದ ಬೇರ್ಪಡಿಸುವ ನಿರ್ಧಾರಕ್ಕೆ ಅದು ಅಡ್ಡಿಯಾಗಿರಬಹುದೆಂದೂ ಅಮೆರಿಕದ ಕೋಸ್ಟ್ ಗಾರ್ಡ್ ತನಿಖೆ ಗುರುತಿಸಿತು. ಸತ್ತವರು 11 ಮಂದಿ. ಬಾವಿಯಿಂದ ತೈಲ ಹರಿದದ್ದು 87 ದಿನ. ಮಲ್ಪೆಯಿಂದ ಹೊರಟ ಬೋಟಿನಲ್ಲಿ ಗಾಳಿ ಎದ್ದಾಗ ಬಲೆ ಕಡಿಯಬೇಕೇ ಬೇಡವೇ ಎಂದು ಬೋಟು ನಡೆಸುವ ತಾಂಡೇಲನು ದಕ್ಕೆಯಲ್ಲಿರುವ ಮಾಲಕರನ್ನು ಕೇಳುತ್ತ ಕೂರುವುದಿಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ಹಾಗಾದರೆ ದಡದ ಹಿರಿಯರಿಗೆ ಏನು ಕೆಲಸ? ಪ್ಲಾಟ್‌ಫಾರ್ಮಿನ ತಂಡಕ್ಕೆ ಬೆಂಕಿ, ಗಾಯಾಳು ಮತ್ತು ತಲೆಎಣಿಕೆ ಬಿಟ್ಟು ಬೇರೆ ಯೋಚನೆ ಬರದಂತೆ ನೋಡಿಕೊಳ್ಳುವುದೇ ಅವರ ಕೆಲಸ. ದಡದಲ್ಲಿರುವ ತುರ್ತು ತಂಡ ಹೆಲಿಕಾಪ್ಟರು, ಹಡಗು, ಆಸ್ಪತ್ರೆಯ ಹಾಸಿಗೆ, ಕೋಸ್ಟ್ ಗಾರ್ಡ್‌ನೊಂದಿಗಿನ ಸಂಪರ್ಕ ಇವುಗಳನ್ನು ಹೊಂದಿಸುತ್ತದೆ. ಅದಕ್ಕೂ ಮೇಲೆ, ಮುಖ್ಯ ಕಚೇರಿಯ ತಂಡ ಕುಟುಂಬಗಳು, ಸರ್ಕಾರ, ಪತ್ರಿಕೆಗಳು ಮತ್ತು ಮುಂದಿನ ವಾರಗಳನ್ನು ನೋಡಿಕೊಳ್ಳುತ್ತದೆ. ಇಂಥ ಕೋಣೆಯಲ್ಲಿ ಗೋಡೆಯ ಬಿಳಿ ಹಲಗೆಯ ಮೇಲೆ ಗಂಟೆ-ನಿಮಿಷ ಹಾಕಿ ಪ್ರತಿ ಸುದ್ದಿಯನ್ನೂ ಪ್ರತಿ ನಿರ್ಧಾರವನ್ನೂ ಬರೆಯಲು ಒಬ್ಬರನ್ನು ನೇಮಿಸಿರುತ್ತಾರೆ. ಆ ವ್ಯಕ್ತಿಗೆ ಬೇರೆ ಯಾವ ಕೆಲಸವನ್ನೂ ಹಚ್ಚುವಂತಿಲ್ಲ. ಖಚಿತವಾದ ಸುದ್ದಿ ಯಾವುದು, ಕೇಳಿಬಂದದ್ದು ಯಾವುದು ಎಂಬುದು ಆ ಹಲಗೆಯ ಮೇಲೆ ಬೇರೆಬೇರೆಯಾಗಿ ಕಾಣಬೇಕು. ದಡದಿಂದ ಹತ್ತು ಜನ ಹತ್ತು ಬಾರಿ ಫೋನು ಮಾಡಿ ಪ್ಲಾಟ್‌ಫಾರ್ಮಿನ ಮ್ಯಾನೇಜರನನ್ನು ಪ್ರಶ್ನಿಸುವುದು ಸಹಾಯದ ಹೆಸರಿನಲ್ಲಿ ಮಾಡುವ ತೊಂದರೆ. ಆದ್ದರಿಂದಲೇ ಒಳ್ಳೆಯ ವ್ಯವಸ್ಥೆಯಲ್ಲಿ ಅಲ್ಲಿಗೆ ಮಾತಾಡುವವರು ಒಬ್ಬರೇ ಇರುತ್ತಾರೆ.

ಎರಡನೆಯ ಪ್ರಶ್ನೆಗೆ ಮುಂಬೈ ಹೈಯದೇ ಉದಾಹರಣೆಯಿದೆ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ನಗರ ಮುಳುಗಿತ್ತು, ಹೆಲಿಕಾಪ್ಟರುಗಳು ನೆಲ ಬಿಡುವಂತಿರಲಿಲ್ಲ. ಮರುದಿನ ಸಮುದ್ರ ಸುರಕ್ಷಾ ಎಂಬ ಹಡಗಿನ ಅಡುಗೆಯವರೊಬ್ಬರ ಬೆರಳುಗಳಿಗೆ ಪೆಟ್ಟಾಗಿ ಅವರನ್ನು ಚಿಕಿತ್ಸೆಗೆಂದು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮಿಗೆ ದಾಟಿಸಬೇಕಾಯಿತು. ಮಳೆಗಾಲದ ಅಲೆಗಳ ನಡುವೆ ಪ್ಲಾಟ್‌ಫಾರ್ಮಿಗೆ ತೀರಾ ಹತ್ತಿರ ಬಂದ ಹಡಗು ಸಮುದ್ರತಳದಿಂದ ಮೇಲೇರುವ ಅನಿಲದ ರೈಸರ್ ಕೊಳವೆಗೆ ಬಡಿಯಿತು. ಬೆಂಕಿ ಹೊತ್ತಿ, ಸುಮಾರು ಎರಡು ಗಂಟೆಗಳಲ್ಲಿ ಇಡೀ ಪ್ಲಾಟ್‌ಫಾರ್ಮೇ ಸಮುದ್ರ ಸೇರಿತು. ಶಾಖ ಮತ್ತು ಹೊಗೆಯಿಂದಾಗಿ ಹಲವು ಲೈಫ್‌ಬೋಟುಗಳನ್ನು ಇಳಿಸಲಾಗಲಿಲ್ಲ. ಅಲ್ಲಿದ್ದ 384 ಜನರಲ್ಲಿ 362 ಮಂದಿಯನ್ನು ರಕ್ಷಿಸಿದ್ದು ನೌಕಾಪಡೆ, ಕೋಸ್ಟ್ ಗಾರ್ಡ್ ಮತ್ತು ಸುತ್ತಲಿನ ಹಡಗುಗಳ ದೊಡ್ಡ ಸಾಧನೆ. 22 ಜನ ಮರಳಲಿಲ್ಲ. ಸಾಧನಗಳು ಇದ್ದವು, ಆದರೆ ಅಂದಿನ ಗಾಳಿ-ಮಳೆಗೆ ಅವು ಒದಗಲಿಲ್ಲ. ಒಬ್ಬ ಗಾಯಾಳುವನ್ನು ದಾಟಿಸುವ ಸಣ್ಣ ತುರ್ತಿಗೂ ಯಾವ ಹವೆಯಲ್ಲಿ, ಯಾವ ಬದಿಯಿಂದ, ಎಷ್ಟು ದೂರದವರೆಗೆ ಹಡಗು ಬರಬಹುದು, ಯಾವಾಗ ಬೇಡ ಎನ್ನಬೇಕು ಎಂಬ ನಿಯಮ ಮೊದಲೇ ಇರಬೇಕು ಎಂದು ಲೇಖನ ಹೇಳಿದ್ದರ ಅರ್ಥ ಇದೇ.

ಬೇಡ ಎನ್ನುವ ನಿರ್ಧಾರ ಎಷ್ಟು ಬೇಗ ಆಗಬೇಕು ಎಂಬುದನ್ನು 2021ರ ತೌಕ್ತೆ ಚಂಡಮಾರುತ ಹೇಳಿತು. ಮುಂಬೈಯಾಚೆಯ ಕಡಲಲ್ಲಿ ಕಾರ್ಮಿಕರ ವಸತಿಗಾಗಿದ್ದ ಪಿ-305 ಬಾರ್ಜ್ ಮೇ 17ರಂದು ಮುಳುಗಿದಾಗ ಅದರಲ್ಲಿದ್ದ 261 ಜನರಲ್ಲಿ 186 ಮಂದಿ ಬದುಕಿ ಬಂದರು. ಚಂಡಮಾರುತದ ಮುನ್ನೆಚ್ಚರಿಕೆ ದಿನಗಳ ಮೊದಲೇ ಪ್ರಕಟವಾಗಿದ್ದರೂ ಬಾರ್ಜ್ ಕಡಲಲ್ಲೇ ಇತ್ತು. ಅದೇ ಬಿರುಗಾಳಿಯಲ್ಲಿ ಮೂಲ್ಕಿಯ ಕಡಲಲ್ಲಿ ಬಂಡೆಗಳ ನಡುವೆ ಸಿಲುಕಿದ್ದ ಕೋರಮಂಡಲ್ ಸಪೋರ್ಟರ್ ಟಗ್‌ನ ಒಂಬತ್ತೂ ಜನರನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಪಾರುಮಾಡಿದ್ದನ್ನು ತಾವೂ ಪತ್ರದಲ್ಲಿ ನೆನೆದಿದ್ದೀರಿ. ನಮ್ಮ ಕಡಲಲ್ಲಿ ತೈಲ ಬಾವಿಗಳಿಲ್ಲ ನಿಜ, ಆದರೆ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ಗಾಗಿ ಕಚ್ಚಾತೈಲ ಇಳಿಸುವ ತೇಲುವ ಬಾಯ್ (ಹಡಗುಗಳನ್ನು ಕಟ್ಟುವ ಲಂಗರು ತಾಣ) ದಡದಿಂದ ಬಹಳ ದೂರವೇನಿಲ್ಲ. ಮಂಗಳೂರು ಮತ್ತು ಪಾದೂರಿನ ನೆಲದೊಳಗೆ 40 ಲಕ್ಷ ಟನ್ ತೈಲ ಹಿಡಿಯುವ ಗುಹೆಗಳಿವೆ. 1996ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಯೋಜನೆಯಂತೆ ಸಮುದ್ರದಲ್ಲಿ ತೈಲ ಸೋರಿದರೆ ಸಮನ್ವಯದ ಹೊಣೆ ಕೋಸ್ಟ್ ಗಾರ್ಡಿನದು. 700 ಟನ್‌ವರೆಗಿನ ಸೋರಿಕೆಯನ್ನು ಎದುರಿಸುವ ಬೂಮ್ (ತೈಲ ಹರಡದಂತೆ ತಡೆಯುವ ತೇಲು ಬೇಲಿ), ಸ್ಕಿಮ್ಮರ್ (ನೀರಿನ ಮೇಲಿನ ತೈಲ ಎತ್ತುವ ಯಂತ್ರ) ಮುಂತಾದವುಗಳನ್ನು ಬಂದರುಗಳೂ ತೈಲ ಕಂಪನಿಗಳೂ ತಾವೇ ಇಟ್ಟುಕೊಂಡಿರಬೇಕು. 2025ರ ಜೂನ್‌ನಲ್ಲಿ ಕೇರಳದ ಕಡಲಲ್ಲಿ ಹೊತ್ತಿಕೊಂಡ ವಾನ್ ಹೈ 503 ಹಡಗಿನ 18 ಜನರನ್ನು ನೌಕಾಪಡೆ ಕರೆತಂದದ್ದು ಪಣಂಬೂರಿನ ಬಂದರಿಗೆ. ಇಂಥ ಹೊತ್ತಿನಲ್ಲಿ ಎಷ್ಟು ಆಂಬ್ಯುಲೆನ್ಸ್, ಯಾವ ಆಸ್ಪತ್ರೆ ಎಂಬುದು ಹಡಗು ಬಂದರು ಮುಟ್ಟುವ ಮೊದಲೇ ತೀರ್ಮಾನವಾಗಿರಬೇಕು.

ಇನ್ನು ತಮ್ಮ ಮೂರನೆಯ ಪ್ರಶ್ನೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನ ಏಳು ಮಂದಿಯ ಮನೆಯವರು, ಮರುವರ್ಷದ ಮೇ ತಿಂಗಳಲ್ಲಿ ಬೋಟಿನ ಅವಶೇಷ ಸಿಗುವವರೆಗೂ ಹೇಗೆ ಕಾದರೆಂಬುದನ್ನು ಈ ಕರಾವಳಿ ಕಂಡಿದೆ. ಸುದ್ದಿಯಿಲ್ಲದೆ ಕಾಯುವವರಿಗೆ ಯಾರಾದರೂ ಇಂತಿಷ್ಟು ಹೊತ್ತಿಗೆ ಮತ್ತೆ ಕರೆ ಮಾಡುತ್ತೇವೆ ಎಂದು ಹೇಳಿ, ಹೇಳಲು ಹೊಸತೇನೂ ಇಲ್ಲದಿದ್ದರೂ ಆ ಹೊತ್ತಿಗೆ ಕರೆ ಮಾಡುವುದು ದೊಡ್ಡ ಆಸರೆ. ಬಿಕ್ಕಟ್ಟು ನಿರ್ವಹಣೆಯಲ್ಲಿ ಕಂಪನಿಗಳು ಅತಿ ಹೆಚ್ಚು ಎಡವುವುದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಸರುಗಳು ಟಿ.ವಿ.ಗೆ ಹೋಗುವ ಮೊದಲು ಮನೆಗೆ ತಲುಪಬೇಕು. ಹಾಗಾಗಲು ಪ್ಲಾಟ್‌ಫಾರ್ಮಿನಲ್ಲಿ ಆ ಗಳಿಗೆಗೆ ಯಾರು ಯಾರಿದ್ದಾರೆ ಎಂಬ ಪಟ್ಟಿ ದಡದಲ್ಲೂ ಇರಬೇಕು, ಬಂದು ಹೋದವರ ಹೆಸರುಗಳನ್ನು ಅಂದಂದೇ ಅದರಲ್ಲಿ ತಿದ್ದಿರಬೇಕು. ಗುತ್ತಿಗೆದಾರರ ಕೈಕೆಳಗಿನ ಕಾರ್ಮಿಕರ ವಿಷಯದಲ್ಲಿ ಈ ಪಟ್ಟಿ ಎಷ್ಟೋ ಬಾರಿ ಗುತ್ತಿಗೆದಾರರ ಕಡತದಲ್ಲೇ ಉಳಿದುಬಿಡುವ ಅಪಾಯವಿದೆ.

ಆದ್ದರಿಂದ ತಾವು ಮಾಡಬಹುದಾದದ್ದು ಇಷ್ಟು. ಮಗ ಮುಂದಿನ ಸಲ ಡ್ಯೂಟಿಗೆ ಹೊರಡುವ ಮುನ್ನ, ಹತ್ತಿರದ ಬಂಧುವೆಂದು ಕಂಪನಿಗೆ ಯಾರ ಹೆಸರನ್ನು, ಯಾವ ಫೋನ್ ನಂಬರನ್ನು ಬರೆದುಕೊಟ್ಟಿದ್ದಾನೆಂದು ಕೇಳಿ. ಆ ನಂಬರು ಹಳತಾಗಿದ್ದರೆ ಬದಲಿಸಲು ಹೇಳಿ. ಆತ ಗುತ್ತಿಗೆಯ ನೌಕರನಾಗಿದ್ದರೆ ಅದೇ ವಿವರ ಪ್ಲಾಟ್‌ಫಾರ್ಮ್ ನಡೆಸುವ ಕಂಪನಿಯ ಬಳಿಯೂ ಇದೆಯೇ ಎಂದು ವಿಚಾರಿಸಲಿ. ಕಂಪನಿಯ ದಡದ ತುರ್ತು ಕೋಣೆಯ ನಂಬರನ್ನು ತಾವೂ ಬರೆದಿಟ್ಟುಕೊಳ್ಳಿ. ಭಾರತದ ಕಡಲಲ್ಲಿ ಯಾರೇ ಅಪಾಯದಲ್ಲಿದ್ದರೂ ಕೋಸ್ಟ್ ಗಾರ್ಡಿಗೆ ತಿಳಿಸುವ ನಂಬರು 1554.

ತಮ್ಮ ವಿಶ್ವಾಸಿ,
ಸಂಪಾದಕ