ಮಿದುಳಿನಲ್ಲಿ ಒಮ್ಮೆ ಹೋದ ಮಯಲಿನ್ ಮತ್ತೆ ಬರುತ್ತದೆಯೇ?

ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ನರದ ಹೊದಿಕೆಯಾದ ಮಯಲಿನ್ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ದಾಳಿ ಮಾಡುವ ಕಾಯಿಲೆ) ಅಂತ ಹೇಳಿದ್ದಾರೆ, ಆ ಮಯಲಿನ್ ಹೋದರೆ ಹೋದಂತೆಯೇ ಅಂತ ಕೇಳಿದ್ದೀರಿ. ಹಾಗೇನಿಲ್ಲ, ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಎಲ್ಲ ಕಡೆ ಅಲ್ಲ, ಮೊದಲಿನಷ್ಟು ದಪ್ಪಕ್ಕೂ ಅಲ್ಲ. ನಾನು ಡಾಕ್ಟರಲ್ಲ, ಸಿಂಧನೂರಿನಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು.

ಮಯಲಿನ್ ಅಂದರೆ ತಂತಿಯ ಮೇಲಿನ ಪ್ಲಾಸ್ಟಿಕ್ ಇದ್ದಂತೆ ಅಂತ ನಾನೂ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಅದು ಅರ್ಧ ಸತ್ಯ. ಆಲಿಗೋಡೆಂಡ್ರೋಸೈಟ್ ಎಂಬ ಜೀವಂತ ಕೋಶ ತನ್ನದೇ ಪೊರೆಯನ್ನು ಚಾಚಿ ನರತಂತುವಿಗೆ ಸುತ್ತಿನ ಮೇಲೆ ಸುತ್ತು ಹಾಕಿದ್ದೇ ಮಯಲಿನ್. ಒಣತೂಕದಲ್ಲಿ ಶೇಕಡಾ 70ಕ್ಕೂ ಹೆಚ್ಚು ಕೊಬ್ಬು. ಕೈಕಾಲಿನ ನರಗಳಲ್ಲಿ ಒಂದು ಶ್ವಾನ್ ಕೋಶ ಒಂದೇ ತುಂಡು ಸುತ್ತಿದರೆ, ಮಿದುಳಿನ ಈ ಕೋಶ 50 ತುಂಡುಗಳವರೆಗೂ ಸುತ್ತಬಲ್ಲದು. ಹಾಗಾಗಿ ಒಂದು ಸತ್ತರೂ ನಷ್ಟ ದೊಡ್ಡದು. ತುಂಡುಗಳ ನಡುವೆ ಜೋಳದ ದಂಟಿನ ಗಿಣ್ಣಿನಂತೆ ಸಂದಿಗಳಿದ್ದು, ಸಂಕೇತ ಸಂದಿಯಿಂದ ಸಂದಿಗೆ ಜಿಗಿಯುತ್ತದೆ. ಸುತ್ತಿದ ಕೋಶವೇ ತಂತುವಿಗೆ ಶಕ್ತಿ ಕೊಡುವ ಲ್ಯಾಕ್ಟೇಟ್ ಉಣಿಸುತ್ತದೆ. ಪ್ಲಾಸ್ಟಿಕ್ ಎಲ್ಲಾದರೂ ತಂತಿಗೆ ಊಟ ಹಾಕುತ್ತದೆಯೇ?

ಇನ್ನು ದುರಸ್ತಿ. ನಮ್ಮಣ್ಣನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ಬಂದರೆ ಅವನು ಹೊಸ ತಾಮ್ರದ ತಂತಿ ಮುಟ್ಟುವುದೇ ಇಲ್ಲ. ಮೊದಲು ಕೂತು ಕರಕಲಾದ ವಾರ್ನಿಷ್, ಸುಟ್ಟ ಕಾಗದ ಎಲ್ಲ ಕೆರೆಯುತ್ತಾನೆ. ಅರ್ಧ ದಿನ ಅದಕ್ಕೇ ಹೋಗುತ್ತದೆ. "ಹಳೇದನ್ನ ತೆಗೀಲಾರ್ದ ಹೊಸಾದು ಕುಂದ್ರಂಗಿಲ್ಲ ತಮ್ಮ" ಅನ್ನುತ್ತಾನೆ. ಮಿದುಳಿನಲ್ಲಿ ಆ ಕೆರೆಯುವ ಕೆಲಸ ಮೈಕ್ರೋಗ್ಲಿಯಾ ಕೋಶಗಳದು. ಹರಿದ ಮಯಲಿನ್ ಚೂರುಗಳನ್ನು ಅವು ನುಂಗಿ ಜಾಗ ತೆರವು ಮಾಡಬೇಕು, ಚೂರು ಉಳಿದರೆ ಹೊಸ ಕೋಶ ಬಲಿಯಲು ಅಡ್ಡಿ. ದೊಡ್ಡವರ ಮಿದುಳಲ್ಲೂ ನೂರಕ್ಕೆ ಸುಮಾರು ಐದು ಕೋಶಗಳು ಇನ್ನೂ ಬಲಿಯದ ಎಳೆಯವಾಗಿಯೇ ಇರುತ್ತವೆ. ಗಾಯವಾದಲ್ಲಿಗೆ ಹೋಗಿ, ಹೆಚ್ಚಿ, ಆಲಿಗೋಡೆಂಡ್ರೋಸೈಟ್ ಆಗಿ ಸುತ್ತುವುದು ಇವೇ. ಹೊಸ ಸುತ್ತು ತೆಳು, ತುಂಡುಗಳು ಗಿಡ್ಡ. ಆದರೂ ಸಂಕೇತ ಓಡುತ್ತದೆ. ವಯಸ್ಸಾದಂತೆ ಕಸ ತೆಗೆಯುವುದೂ ನಿಧಾನ, ಬಲಿಯುವುದೂ ನಿಧಾನ.

ಬಹಳ ದಿನ ಬರಿಮೈಯಾಗಿ ಉಳಿದ ತಂತುವೇ ಸತ್ತರೆ ಮಾತ್ರ ಸುತ್ತಲು ಏನೂ ಇರುವುದಿಲ್ಲ. ಈಗ ಕೊಡುವ ಔಷಧಗಳು ಮುಖ್ಯವಾಗಿ ರೋಗನಿರೋಧಕ ವ್ಯವಸ್ಥೆಯ ಹೊಸ ದಾಳಿಯನ್ನು ತಡೆಯಲಿಕ್ಕೆ. ಆದ್ದರಿಂದ ಮೈ ಹಗುರಾಯಿತು ಅಂತ ತಂಗಿ ಮಾತ್ರೆ ಬಿಡದಂತೆ ನೋಡಿಕೊಳ್ಳಿ. ಬಿ12 ಕೊರತೆಯೂ ಮಯಲಿನ್ ಕೆಡಿಸುತ್ತದೆ. ಆ ಪರೀಕ್ಷೆ ಆಗಿದೆಯೋ ಇಲ್ಲವೋ ಅಂತ ಮುಂದಿನ ಸಲ ಹೋದಾಗ ನರರೋಗ ತಜ್ಞರನ್ನು ಒಂದು ಮಾತು ಕೇಳಿ.