ಮೋಡೆಮ್ ಮಾರಾಟ ಶೇ 30 ಇಳಿದರೆ ಬಿಡಿಭಾಗದ ಆರ್ಡರ್ ಶೇ 90 ಇಳಿಯುವುದೇಕೆ?

ಪ್ರಶ್ನೆ: 2001ರಲ್ಲಿ ಅಮೆರಿಕದ ಬ್ರಾಡ್‌ಬ್ಯಾಂಡ್ ಕಂಪನಿಗಳು ಒಂದರ ಹಿಂದೊಂದು ಮುಳುಗಿದವಂತೆ. ಆಗಲೂ ಇಂಟರ್ನೆಟ್ ಬಳಸುವವರು ಹೆಚ್ಚುತ್ತಲೇ ಇದ್ದರಲ್ಲ? ಬಿಡಿಭಾಗ ಮಾಡುವವರಿಗೆ ಅಷ್ಟು ಪೆಟ್ಟು ಬಿದ್ದದ್ದು ಹೇಗೆ?
– ಎಂಬಿಎ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಾರ್ತ್‌ಪಾಯಿಂಟ್, ರಿದಮ್ಸ್, ಕೋವ್ಯಾಡ್ ಮೂರೂ ಸ್ಥಳೀಯ ದೂರವಾಣಿ ಕಂಪನಿಗಳ ತಾಮ್ರದ ತಂತಿ ಬಾಡಿಗೆಗೆ ಪಡೆದು ಡಿಎಸ್‌ಎಲ್ (ಫೋನ್ ತಂತಿಯಲ್ಲೇ ಬರುವ ಬ್ರಾಡ್‌ಬ್ಯಾಂಡ್) ಕೊಡುತ್ತಿದ್ದವು. ಒಂದೊಂದು ಎಕ್ಸ್‌ಚೇಂಜಿನಲ್ಲೂ ಜಾಗ ಹಿಡಿದು ಉಪಕರಣ ಕೂರಿಸಬೇಕು. ಅಲ್ಲಿ ಹತ್ತೇ ಗ್ರಾಹಕರಿದ್ದರೂ ಆ ಖರ್ಚು ತಪ್ಪದು. ಹೊಸ ಸಾಲ ಹುಟ್ಟದಾದಾಗ ಗ್ರಾಹಕರಿದ್ದೂ ಬಾಗಿಲು ಹಾಕಬೇಕಾಯಿತು. ನಾರ್ತ್‌ಪಾಯಿಂಟ್ 2001ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಎಟಿ ಅಂಡ್ ಟಿ ಅದರ ಆಸ್ತಿಯನ್ನು 13.5 ಕೋಟಿ ಡಾಲರಿಗೆ ಕೊಂಡಿತೇ ಹೊರತು ಗ್ರಾಹಕರನ್ನು ಕೊಳ್ಳಲಿಲ್ಲ. ಸುಮಾರು 1 ಲಕ್ಷ ಸಂಪರ್ಕಗಳು ನಿಂತುಹೋದವು. ಆಗಸ್ಟಿನಲ್ಲಿ ಉಳಿದೆರಡರ ಸರದಿ. ಕೋವ್ಯಾಡ್ ಮಾತ್ರ ಡಿಸೆಂಬರಿನಲ್ಲಿ ಎದ್ದು ನಿಂತಿತು.

ಬಿಡಿಭಾಗದವರ ಕಷ್ಟ ತಿಳಿಯಲು ಒಂದು ಲೆಕ್ಕ ಹಾಕಿ ನೋಡಿ. ಮೋಡೆಮ್ ತಯಾರಕರು ತಿಂಗಳಿಗೆ 1000 ಮೋಡೆಮ್ ಮಾರುತ್ತಾರೆ, ಎರಡು ತಿಂಗಳ ದಾಸ್ತಾನು, ಅಂದರೆ 2000, ಇಟ್ಟುಕೊಳ್ಳುತ್ತಾರೆ. ಮಾರಾಟ 700ಕ್ಕೆ ಇಳಿಯಿತು. ಈಗ 1400 ದಾಸ್ತಾನು ಸಾಕು. 2000ದಲ್ಲಿ 700 ಹೋಗಿ 1300 ಉಳಿದಿದೆ, ಬೇಕಾದದ್ದು 100 ಮಾತ್ರ. ಮೋಡೆಮ್ ಒಳಗಿನ ಟ್ರಾನ್ಸ್‌ಫಾರ್ಮರ್ ಮಾಡುವವರಿಗೆ ಬರುತ್ತಿದ್ದ 1000ದ ಆರ್ಡರ್ ಒಂದೇ ಏಟಿಗೆ 100! ಅವರೂ ಹೀಗೇ ದಾಸ್ತಾನು ಇಟ್ಟಿದ್ದರೆ, ಅವರಿಗೆ ಕೋರ್ (ಟ್ರಾನ್ಸ್‌ಫಾರ್ಮರಿನ ತಂತಿ ಸುತ್ತುವ ಒಳತಿರುಳು) ಕೊಡುವವರಿಗೆ ಆ ತಿಂಗಳು ಆರ್ಡರೇ ಇಲ್ಲ.

ಇದರ ಮೇಲೆ ಸುಳ್ಳು ಆರ್ಡರ್ ಬೇರೆ. 2000ನೇ ಇಸವಿಯಲ್ಲಿ ಟ್ಯಾಂಟಲಮ್ ಕೆಪಾಸಿಟರ್‌ಗೆ (ವಿದ್ಯುತ್ ಹಿಡಿದಿಡುವ ಪುಟ್ಟ ಬಿಡಿಭಾಗ) ಹಾಹಾಕಾರವಿತ್ತು. ಇಂಥ ಕಾಲದಲ್ಲಿ 10 ಸಾವಿರ ಬೇಕಾದವರು ಮೂವರು ತಯಾರಕರ ಬಳಿಯೂ ಹತ್ತತ್ತು ಸಾವಿರ ಬರೆಸಿಡುತ್ತಾರೆ. ಮೊದಲು ಕೊಟ್ಟವರದನ್ನು ಪಡೆದು ಉಳಿದದ್ದು ರದ್ದು. ಮಾರುಕಟ್ಟೆಗೆ ಕಾಣುವುದು 30 ಸಾವಿರ. ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋದಂಥ ದೊಡ್ಡ ಕಂಪನಿಯೇ 2001ರಲ್ಲಿ 225 ಕೋಟಿ ಡಾಲರಿನ ದಾಸ್ತಾನನ್ನು ನಷ್ಟಕ್ಕೆ ಬರೆಯಿತು.

ಪ್ರಶ್ನೆ: ರೂಟರಿನ ಪ್ಲಾಸ್ಟಿಕ್ ಕವಚ ಮಾಡಿಕೊಡುವ ಸಣ್ಣ ಘಟಕ ನಮ್ಮದು. ಇರುವುದು ಒಬ್ಬರೇ ದೊಡ್ಡ ಗಿರಾಕಿ. ಏನು ಎಚ್ಚರ ವಹಿಸಬೇಕು?
– ಓದುಗರು, ಪೀಣ್ಯ

ಉತ್ತರ: ಗಿರಾಕಿಯ ಆರ್ಡರ್ ಒಂದನ್ನೇ ನಂಬಬೇಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತಿಂಗಳಿಗೊಮ್ಮೆ ಪ್ರಕಟಿಸುವ ಬ್ರಾಡ್‌ಬ್ಯಾಂಡ್ ಚಂದಾದಾರರ ಲೆಕ್ಕದ ಪಕ್ಕ ನಿಮ್ಮ ಆರ್ಡರ್ ಇಟ್ಟು ನೋಡಿ. ಸಂಪರ್ಕ ನಿಧಾನವಾಗಿ ಏರುತ್ತಿದ್ದು ಆರ್ಡರ್ ಮಾತ್ರ ಜಿಗಿದರೆ, ಎಲ್ಲೋ ಗೋದಾಮು ತುಂಬುತ್ತಿದೆ ಎಂದೇ ತಿಳಿಯಿರಿ.

ಎಬಿಎಸ್ (ಕವಚದ ಪ್ಲಾಸ್ಟಿಕ್) ಹರಳನ್ನು ಬಣ್ಣ ಹಾಕಿದ್ದು ಕೊಳ್ಳದೆ ನ್ಯಾಚುರಲ್, ಅಂದರೆ ಬಣ್ಣವಿಲ್ಲದ್ದನ್ನೇ ಕೊಳ್ಳಿ. ಮಾಸ್ಟರ್‌ಬ್ಯಾಚ್ (ಬಣ್ಣದ ಗಾಢ ಹರಳು) ಬೆರೆಸುವುದು ಮೆಷಿನ್ ಬಳಿ, ಆ ದಿನದ ಲಾಟಿಗೆ ಬೇಕಾದಷ್ಟೇ. ಲೋಗೊ ಪ್ರಿಂಟ್ ರವಾನೆಗೆ ಮುಂಚೆ, ಕಟ್ಟಕಡೆಗೆ. ಆರ್ಡರ್ ರದ್ದಾದರೆ ಹರಳು ಇನ್ನೊಬ್ಬರ ಕೆಲಸಕ್ಕೆ ಬರುತ್ತದೆ. ಲೋಗೊ ಬಿದ್ದ ಕವಚ ಪುಡಿಮಾಡಲಷ್ಟೇ ಲಾಯಕ್ಕು. ಮೋಲ್ಡಿನ ಹಣ ಮುಂಗಡವಾಗಿ ಬರಲಿ. ಅಂದಾಜು ಪಟ್ಟಿ ನಂಬಿ ತಂದ ಮಾಲಿನ ಹೊಣೆ ಗಿರಾಕಿಯದೆಂದು ಆರ್ಡರಿನಲ್ಲೇ ಬರೆಸಿಕೊಳ್ಳಿ.

ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಸಂಖ್ಯೆ ಪ್ರತಿ ಬಿಲ್ಲಿನಲ್ಲೂ ಇರಲಿ. ಸಣ್ಣ ಘಟಕಕ್ಕೆ ಲಿಖಿತ ಒಪ್ಪಂದವಿದ್ದರೂ ಗರಿಷ್ಠ 45 ದಿನದಲ್ಲಿ ಹಣ ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳ ಲೆಕ್ಕದಲ್ಲಿ. ಗಡುವು ಮೀರಿದರೆ ಸಂಕೋಚ ಬಿಟ್ಟು ಸಣ್ಣ ಉದ್ಯಮಗಳ ಬಾಕಿ ದೂರು ಕೇಳುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಿ. ಗಿರಾಕಿ ದಿವಾಳಿ ಪ್ರಕ್ರಿಯೆಗೆ ಒಳಗಾದ ಮೇಲೆ ವಸೂಲಿಗೆ ತಡೆ ಬೀಳುತ್ತದೆ. ಆಮೇಲೆ ಬ್ಯಾಂಕುಗಳ ಸರದಿ ಮೊದಲು, ನಿಮ್ಮದು ಬಹಳ ಹಿಂದೆ.