ಸಿಂಕ್ ಕೆಳಗಿನ ಯಂತ್ರಕ್ಕೆ ಏನು ಹಾಕಬೇಕು, ಏನು ಹಾಕಬಾರದು?

ಪ್ರಶ್ನೆ: ಮಗಳ ಬಾಣಂತನಕ್ಕೆ ಮೈಸೂರಿನಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದಿದ್ದೇನೆ. ಇಲ್ಲಿ ಸಿಂಕ್ ಕೆಳಗೆ ಕಸ ಅರೆಯುವ ಡಿಸ್ಪೋಸಲ್ ಇದೆ. ಸಾರಿನ ನುಗ್ಗೆಕಾಯಿ ಸಿಪ್ಪೆ, ಕೊತ್ತಂಬರಿ ದಂಟು, ಮಿಕ್ಕ ಅನ್ನ ಎಲ್ಲಾ ಅದಕ್ಕೇ ಹಾಕಿದೆ. ಗುಂಯ್ ಅಂದು ನಿಂತುಹೋಯಿತು. ಪ್ಲಂಬರ್ ಬಂದು ಸರಿ ಮಾಡಿದ. ಈಗ ಸ್ವಿಚ್ ಮುಟ್ಟಲೂ ಭಯ. ಅಳಿಯನನ್ನು ಕೇಳಲು ಸಂಕೋಚ. ಸ್ವಲ್ಪ ತಿಳಿಸಿಕೊಡಿ.
– ಓದುಗರೊಬ್ಬರು, ಫ್ರೀಮಾಂಟ್

ಉತ್ತರ: ಅಮ್ಮಾ, ಭಯ ಬೇಡ. ನ್ಯೂಜೆರ್ಸಿಯ ನನ್ನ ಮನೆಗೆ ಊರಿಂದ ಯಾರೇ ಬರಲಿ, ಮೊದಲ ದಿನವೇ ಸಿಂಕ್ ಕೆಳಗಿನ ಬಾಗಿಲು ತೆಗೆದು ಈ ಯಂತ್ರವನ್ನು ತೋರಿಸಿಬಿಡುತ್ತೇನೆ. ಒಮ್ಮೆ ನೋಡಿದರೆ ಅರ್ಧ ಭಯ ಹೋಗುತ್ತದೆ.

ಇದರಲ್ಲಿ ಮಿಕ್ಸಿಯಲ್ಲಿರುವ ಹಾಗೆ ಹರಿತವಾದ ಬ್ಲೇಡ್ ಇಲ್ಲ. ಒಳಗೆ ಒಂದು ಲೋಹದ ತಟ್ಟೆ ಜೋರಾಗಿ ತಿರುಗುತ್ತದೆ. ಅದರ ಮೇಲೆ ಅಲುಗಾಡುವ ಎರಡು ಗಟ್ಟಿ ತುಂಡುಗಳಿರುತ್ತವೆ. ಬಿದ್ದ ಆಹಾರವನ್ನು ಅವು ಸುತ್ತಲಿನ ಒರಟು ಬಳೆಗೆ ಒತ್ತಿ ತೇಯುತ್ತವೆ. ಪುಡಿಯಾದದ್ದು ನೀರಿನ ಜೊತೆ ಕೊಳವೆಗೆ ಹೋಗುತ್ತದೆ. ವಿಸ್ಕಾನ್ಸಿನ್‌ನ ರಸೀನ್ ಊರಿನ ಜಾನ್ ಹ್ಯಾಮ್ಸ್ ಎಂಬ ಆರ್ಕಿಟೆಕ್ಟ್ 1927ರಲ್ಲಿ ಇದನ್ನು ಮಾಡಿದ್ದು. ಊಟವಾದ ಮೇಲೆ ತಟ್ಟೆಯಲ್ಲಿ ಉಳಿಯುವ ಚೂರುಪಾರಿಗೆ ಇದು ಬಹಳ ಚೆನ್ನಾಗಿದೆ. ನಮ್ಮ ತರಕಾರಿ ಹೆಚ್ಚಿದ ಕಸಕ್ಕೆ ಅಲ್ಲ.

ಯಾಕೆಂದರೆ ನಮ್ಮ ಅಡುಗೆಮನೆಯಲ್ಲಿ ನಾರು ಜಾಸ್ತಿ, ಗಂಜಿಯೂ ಜಾಸ್ತಿ. ನುಗ್ಗೆಕಾಯಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು, ಕರಿಬೇವಿನ ಕಡ್ಡಿ, ತೆಂಗಿನ ನಾರು, ಹುಣಸೆ ಹಿಪ್ಪೆ ಇವೆಲ್ಲ ತೇಯುವುದಿಲ್ಲ, ಸುತ್ತಿಕೊಳ್ಳುತ್ತವೆ. ಮೋಟಾರ್ ಅಲ್ಲಿಗೇ ನಿಲ್ಲುತ್ತದೆ. ಅನ್ನ, ಮುದ್ದೆ, ದೋಸೆ ಹಿಟ್ಟು, ಆಲೂಗಡ್ಡೆ ಸಿಪ್ಪೆ ಬೇರೆ ಥರ ತೊಂದರೆ ಕೊಡುತ್ತವೆ. ಯಂತ್ರ ಸಲೀಸಾಗಿ ಅರೆದುಬಿಡುತ್ತದೆ, ಆದರೆ ಮುಂದಿನ ಬಾಗು ಕೊಳವೆಯಲ್ಲಿ ಅಂಟಾಗಿ ಕೂರುತ್ತದೆ. ನೀವು ಎರಡನ್ನೂ ಒಟ್ಟಿಗೆ ಹಾಕಿದ್ದೀರಿ, ಅದಕ್ಕೇ ಪ್ಲಂಬರ್ ಬೇಕಾಯಿತು. ಫಿಲ್ಟರ್‌ನ ಕಾಫಿ ಚರಟವನ್ನೂ ಹಾಕಬೇಡಿ, ಕೊಳವೆಯ ತಳದಲ್ಲಿ ನಿಲ್ಲುತ್ತದೆ. ಬಾಣಂತನದ ಅಡುಗೆಯಲ್ಲಿ ತುಪ್ಪ ಧಾರಾಳ, ಅಲ್ವಾ? ತುಪ್ಪ, ಒಗ್ಗರಣೆ ಎಣ್ಣೆ ಎಂದೂ ಸಿಂಕ್‌ಗೆ ಸುರಿಯಬಾರದು. ಜಿಡ್ಡಿನ ಪಾತ್ರೆಯನ್ನು ಮೊದಲು ಪೇಪರ್‌ನಲ್ಲಿ ಒರೆಸಿ, ಆಮೇಲೆ ತೊಳೆಯಿರಿ.

ಬಳಸುವ ಕ್ರಮ ಹೀಗೆ. ಮೊದಲು ತಣ್ಣೀರು ಜೋರಾಗಿ ಬಿಡಿ. ಬಿಸಿನೀರು ಬೇಡ. ಬಿಸಿನೀರಿಗೆ ಜಿಡ್ಡು ಕರಗಿ ಮುಂದೆ ಹೋಗಿ, ಕೊಳವೆಯ ತಂಪು ಜಾಗದಲ್ಲಿ ಗಟ್ಟಿಯಾಗುತ್ತದೆ. ನೀರು ಬಿಟ್ಟ ಮೇಲೆ ಸ್ವಿಚ್ ಹಾಕಿ. ಆಮೇಲೆ ಮುಸುರೆಯನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಎಲ್ಲಾ ತುಂಬಿಟ್ಟು ಕೊನೆಗೆ ಸ್ವಿಚ್ ಹಾಕುವುದು ತಪ್ಪು. ಶಬ್ದ ಕೇಳಿಸಿಕೊಳ್ಳಿ. ಆಹಾರ ಇರುವಾಗ ಕರಕರ ಅನ್ನುತ್ತದೆ. ಎಲ್ಲಾ ಹೋದ ಮೇಲೆ ಒಂದೇ ಸಮನೆ ಗುಂಯ್‌ಗುಟ್ಟುತ್ತದೆ. ಆಗ ಸ್ವಿಚ್ ಆರಿಸಿ, ನೀರನ್ನು ಮಾತ್ರ ಇನ್ನೂ 15 ಸೆಕೆಂಡು ಬಿಡಿ. ನೀರು ಉಳಿಸುವ ಅಭ್ಯಾಸದಿಂದ ನಮ್ಮವರು ಇಲ್ಲೇ ಬೇಗ ನಲ್ಲಿ ನಿಲ್ಲಿಸುತ್ತಾರೆ. ಮುಕ್ಕಾಲು ಪಾಲು ತೊಂದರೆ ಶುರುವಾಗುವುದು ಅಲ್ಲೇ ಅನ್ನುವುದು ನನ್ನ ಅಭಿಪ್ರಾಯ.

ಮತ್ತೆ ನಿಂತರೆ? ಸ್ವಿಚ್ ಆರಿಸಿ, ಕೆಳಗೆ ಪ್ಲಗ್ ಇದ್ದರೆ ಕಿತ್ತುಬಿಡಿ. ಕೈ ಮಾತ್ರ ಯಾವ ಕಾರಣಕ್ಕೂ ಒಳಗೆ ಹಾಕಬೇಡಿ. ಟಾರ್ಚ್ ಬಿಟ್ಟು ನೋಡಿ, ಚಮಚವೋ ಕಡ್ಡಿಯೋ ಕಂಡರೆ ಇಕ್ಕಳದಲ್ಲಿ ತೆಗೆಯಿರಿ. ಎಷ್ಟೋ ಯಂತ್ರಗಳ ತಳದ ನಡುವೆ ಆರು ಮೂಲೆಯ ಸಣ್ಣ ತೂತಿರುತ್ತದೆ. ಅದಕ್ಕೆ ಕಾಲು ಇಂಚಿನ ಆಲನ್ ಕೀ (L ಆಕಾರದ, ಆರು ಮೂಲೆಯ ಸಣ್ಣ ಕಬ್ಬಿಣದ ಕೀಲಿ) ಹಾಕಿ ಆ ಕಡೆ ಈ ಕಡೆ ತಿರುಗಿಸಿ. ಮೊದಲು ಬಿಗಿಯಾಗಿರುತ್ತದೆ, ಸಿಕ್ಕಿದ್ದು ಬಿಟ್ಟುಕೊಂಡಾಗ ಕೀ ಪೂರ್ತಿ ಸುತ್ತುತ್ತದೆ. ತಳದಲ್ಲೇ ಇರುವ ಕೆಂಪು ಗುಂಡಿ ಒತ್ತಿ, ಪ್ಲಗ್ ಹಾಕಿ, ನೀರು ಬಿಟ್ಟು ನೋಡಿ. ಕಟ್ಟಿದ್ದು ಬಿಡಿಸುವ ರಾಸಾಯನಿಕ ಸುರಿಯಬೇಡಿ. ಅದು ಯಂತ್ರಕ್ಕೂ ಒಳ್ಳೆಯದಲ್ಲ, ಆಮೇಲೆ ಬಿಚ್ಚುವವರ ಕೈಗೂ ಅಪಾಯ.

ಸಿಪ್ಪೆ, ದಂಟು ಎಲ್ಲಿ ಹಾಕುವುದು ಅಂತ ಕೇಳುತ್ತೀರಿ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹಸಿ ಕಸ ಬೇರೆ ಮಾಡಬೇಕೆಂಬ ಕಾನೂನು ಇದೆ. ಸಾಮಾನ್ಯವಾಗಿ ಅದಕ್ಕೆ ಹಸಿರು ಡಬ್ಬ. ಸಿಂಕ್ ಪಕ್ಕ ಒಂದು ಸ್ಟೀಲ್ ಡಬರಿ ಇಟ್ಟುಕೊಂಡು ತರಕಾರಿ ಕಸವೆಲ್ಲ ಅದಕ್ಕೆ ಹಾಕಿ, ಸಂಜೆ ಹಸಿರು ಡಬ್ಬಕ್ಕೆ ಸುರಿದುಬಿಡಿ. ಅಳಿಯನನ್ನೂ ಸಂಕೋಚವಿಲ್ಲದೆ ಕೇಳಿ. ಆಲನ್ ಕೀ ಎಲ್ಲಿಟ್ಟಿದ್ದಾರೆ ಅಂತ ಅವರಿಗೇ ಗೊತ್ತಿರುತ್ತದೆ.

ಪ್ರಶ್ನೆ: ಅಮೆರಿಕದಿಂದ ಬರುವ ಮಗ ನಮ್ಮ ಬೆಂಗಳೂರಿನ ಫ್ಲ್ಯಾಟ್‌ಗೆ ಡಿಸ್ಪೋಸಲ್ ತರುತ್ತೇನೆ ಅನ್ನುತ್ತಿದ್ದಾನೆ. ತರಿಸಲೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ಅಮೆರಿಕದ ಯಂತ್ರ 120 ವೋಲ್ಟ್‌ನದು, ಭಾರತದ ಮನೆ ಕರೆಂಟ್ 230 ವೋಲ್ಟ್. ಬೆಂಗಳೂರಿನಲ್ಲೇ ಕೊಂಡರೂ ಮೊದಲು ಅಪಾರ್ಟ್‌ಮೆಂಟ್ ಸಂಘವನ್ನು ಕೇಳಿ. ನಿಮ್ಮಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದ್ದರೆ, ಅರೆದ ಆಹಾರವೆಲ್ಲ ಹೋಗಿ ಅದರ ಮೇಲೇ ಭಾರ ಬೀಳುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದ ಊರಿನಲ್ಲಿ ಮುಸುರೆ ತಳ್ಳಲು ನಲ್ಲಿ ನೀರು ಬಿಡುವುದು ನನಗಂತೂ ಒಪ್ಪಿಗೆಯಿಲ್ಲ. ಹಸಿ ಕಸ ಬೇರೆ ಮಾಡಿ ಗಾಡಿಗೆ ಕೊಡಿ. ಬಾಲ್ಕನಿಯಲ್ಲಿ ಜಾಗ ಇದ್ದರೆ ಗೊಬ್ಬರದ ಕುಂಡ ಇಟ್ಟುಕೊಳ್ಳಿ, ನುಗ್ಗೆಕಾಯಿ ಸಿಪ್ಪೆಯನ್ನೂ ಸಣ್ಣಗೆ ಕತ್ತರಿಸಿ ಅದಕ್ಕೇ ಹಾಕಬಹುದು.